ಕೈಗೆ ಕಟ್ಟದ ಹೂವು

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ಗಾದೆ ಕಟ್ಟಿದ ಪುಣ್ಯಾತ್ಮ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನಲ್ಲಿ ಇನ್ನೊಬ್ಬರ ಮನೆಯ ಕರಿಬೇವಿನ ಕುಂಡಕ್ಕೆ ಕೈ ಹಾಕಿರಲಿಲ್ಲ ಅಂತ ಕಾಣುತ್ತದೆ. ಜಹೀದಾಳ ಕೈ ಕೆಸರಾಯಿತು, ಬಾಯಿ ಒಣಗಿತು.

ಅವಳು ಬಗ್ಗಿದ್ದು ಒಂದೆರಡು ಎಸಳು ಕರಿಬೇವಿಗೆ. ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಬಂಗಾರೆವ್ವ, “ಒಗ್ಗರಣಿಗೆ ನಾಕ ಎಲಿ ಹರ್ಕೊಂಬಾ ಯವ್ವಾ” ಎಂದು ಹಿತ್ತಿಲಿಗೆ ಕಳಿಸಿದ್ದಳು. ಕುಂಡದ ಮಣ್ಣಿನಿಂದ ಬೆಳ್ಳಿ ಬಣ್ಣದ ರಿಬ್ಬನ್ನಿನ ತುದಿಯೊಂದು ಹೊರಗೆ ಇಣುಕುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಎಲೆ ಕಿತ್ತುಕೊಂಡು ಒಳಗೆ ಹೋಗುತ್ತಿದ್ದರು. ಜಹೀದಾಳದು ಹುಟ್ಟಾ ಕೆದಕುವ ಬುದ್ಧಿ, ಹಿಡಿದು ಎಳೆದಳು.

ಮೊದಲು ರಿಬ್ಬನ್ನು ಬಂತು. ಅದರ ಹಿಂದೆ ಮಣಿಕಟ್ಟಿಗೆ ಹಾಕುವ ಎಲಾಸ್ಟಿಕ್ ಪಟ್ಟಿ. ಪಟ್ಟಿಗೆ ಅಂಟಿಕೊಂಡ ಪುಟ್ಟ ಪುಟ್ಟ ಮುತ್ತುಗಳು, ಕೊಳೆತು ಕಪ್ಪಾದ ಗುಲಾಬಿ ಎಸಳುಗಳು, ನೇರಳೆ ಬಣ್ಣದ ಇನ್ನೊಂದು ರಿಬ್ಬನ್ನು.

ಪ್ರಾಮು, ಅಂದರೆ ಹೈಸ್ಕೂಲು ಮುಗಿಸುವವರ ಕುಣಿತದ ಕೂಟದ ದಿನ, ಹುಡುಗ ತಂದು ಹುಡುಗಿಯ ಕೈಗೆ ಕಟ್ಟುವ ಹೂವು ಅದು. ಇಲ್ಲಿಯವರು ಕೋರ್ಸಾಜು ಅನ್ನುತ್ತಾರೆ. ಹುಡುಗಿಯ ಗೌನಿನ ಬಣ್ಣ ಕೇಳಿಕೊಂಡೇ ಹುಡುಗರು ಅದನ್ನು ಮಾಡಿಸುತ್ತಾರೆ. ಬಂಗಾರೆವ್ವನ ಮೊಮ್ಮಗಳು ನಿವೇದಿತಾಳ ಗೌನು ನೇರಳೆ.

ಇಲ್ಲಿಯವರೆಗಿನ ಕಥೆ ಒಂದೇ ಸಾಲಿನದು: ಎರಡು ವಾರದ ಹಿಂದೆ, ಪ್ರಾಮಿನ ಸಂಜೆ ನೇರಳೆ ಗೌನು ತೊಟ್ಟು ಮೆಟ್ಟಿಲ ಮೇಲೆ ಕಾದು ಕೂತ ನಿವೇದಿತಾಳನ್ನು ಕರೆದೊಯ್ಯಲು ಅವಳ ಶಾಲೆಯ ಹುಡುಗ ಅನಿಕೇತ ಬರಲೇ ಇಲ್ಲ, ಮಾರನೆಯ ದಿನ ನೋಡಿದರೆ ಅವನ ಮನೆಯೇ ಖಾಲಿ.

ಬರಲೇ ಇಲ್ಲ ಅಂತ ಊರೆಲ್ಲ ಹೇಳಿತ್ತು. ಹಾಗಾದರೆ ಈ ಹೂವು ತಾನೇ ನಡೆದು ಬಂದು ಕುಂಡದಲ್ಲಿ ಮಲಗಿತೇ?

ಜಹೀದಾ ಮೈಸೂರಿನ ಮಂಡಿ ಮೊಹಲ್ಲಾದವಳು. ಓಕ್ಲ್ಯಾಂಡಿನ ಒಂದು ವಿಮಾ ಕಂಪನಿಯಲ್ಲಿ ಕ್ಲೇಮುಗಳ ಹುಳುಕು ಹುಡುಕುವ ಕೆಲಸ. ಕಾರು ತಾನಾಗಿ ಸುಟ್ಟಿತೋ ಸುಟ್ಟರೋ, ಕಾರ್ಪೆಟ್ಟು ಪೈಪು ಒಡೆದು ನೆನೆಯಿತೋ ಬಕೆಟ್ಟು ಸುರಿದು ನೆನೆಸಿದರೋ, ಅದನ್ನು ಪತ್ತೆ ಮಾಡುವುದರಲ್ಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ನಿವೇದಿತಾಳ ತಾಯಿ ಬದುಕಿದ್ದಾಗ ಪಕ್ಕದ ಮನೆಯ ಗೆಳತಿ. ಆಕೆ ತೀರಿಕೊಂಡ ಮೇಲೆ ಹುಡುಗಿಗೆ ಅರ್ಧ ತಾಯಿ. ಇನ್ನರ್ಧ, ಮಗ ದೇವೇಂದ್ರಪ್ಪನ ಸಂಸಾರ ನೋಡಿಕೊಳ್ಳಲು ಗದಗಿನಿಂದ ಬಂದು ಇಲ್ಲೇ ಉಳಿದ ಬಂಗಾರೆವ್ವ.

ಈ ಕೇಸನ್ನು ಜಹೀದಾಳ ಕೈಗಿಟ್ಟದ್ದು ಸ್ವತಃ ನಿವೇದಿತಾ.

“ಆಂಟಿ, ಕಂಡುಹಿಡಿಯೋದೇ ಅಲ್ವಾ ನಿಮ್ ಜಾಬು? ಅವ್ನು ಬಂದಿದ್ನಾ, ಇಲ್ವಾ? ಅಷ್ಟೇ ಹೇಳಿ. ಬರ್ಲಿಲ್ಲ ಅಂದ್ರೆ ಐ ವಿಲ್ ಫರ್ಗೆಟ್ ಹಿಮ್. ಪ್ರಾಮಿಸ್.”

ಮರೆಯುತ್ತೇನೆ ಅಂದವಳ ಮುಖ ನೋಡಿದರೆ ಯಾರಿಗಾದರೂ ಕರುಳು ಚುರುಕ್ ಅನ್ನಬೇಕು. ಗ್ರ್ಯಾಜುಯೇಷನ್ನಿನ ನಿಲುವಂಗಿ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದಿರಲಿಲ್ಲ. ಊಟ ಅನ್ನುವುದು ತಟ್ಟೆಯಲ್ಲಿ ಅನ್ನ ಕಲಸಿ ಸಿಂಕಿಗೆ ಸುರಿಯುವ ಕೆಲಸವಾಗಿತ್ತು. ಕಾಲೇಜಿಗೆ ಹೋಗುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ ಎಂದು ತಂದೆಗೆ ಹೇಳಿಬಿಟ್ಟಿದ್ದಳು. ತಾನು ಯಾರಿಗೂ ಬೇಡವಾದವಳು ಅನ್ನುವ ಮಾತು ಆ ಹುಡುಗಿಯ ಎದೆಯಲ್ಲಿ ಬೇರು ಬಿಡುತ್ತಿತ್ತು. ಅದನ್ನು ಕೀಳಬೇಕಾದರೆ ನಿಜ ಬೇಕಿತ್ತು, ಸಮಾಧಾನದ ಮಾತಲ್ಲ.

ಎಂಥ ಸಂಭ್ರಮದಿಂದ ಶುರುವಾಗಿತ್ತು ಅದು! ಚಳಿಗಾಲ ಮುಗಿಯುವ ಮೊದಲೇ ಪ್ರಾಮ್ ಕಮಿಟಿಯ ಹುಡುಗ ಹುಡುಗಿಯರು ದೇವೇಂದ್ರಪ್ಪನ ಗ್ಯಾರೇಜನ್ನು ಆಕ್ರಮಿಸಿಕೊಂಡಿದ್ದರು. ಈ ಸಲದ ಪ್ರಾಮಿನ ಅಲಂಕಾರ ಸಮುದ್ರದ ಒಳಗಿನ ಲೋಕವಂತೆ. ನೀಲಿ ಕಾಗದ, ಥರ್ಮಾಕೋಲಿನ ಚಿಪ್ಪು, ರಟ್ಟಿನ ಮೀನು. ಮೀನು ಕತ್ತರಿಸುವ ಕೆಲಸ ಅನಿಕೇತನದು. ಅವನು ಕತ್ತರಿಸಿದ ಮೀನುಗಳಿಗೆಲ್ಲ ಹೊಟ್ಟೆ ಬಂದುಬಿಟ್ಟಿತ್ತು. “ಇವೇನ್ ಮೀನೋ, ಬದ್ನಿಕಾಯೋ?” ಎಂದು ಬಂಗಾರೆವ್ವ ನಕ್ಕಳು. ನಿವೇದಿತಾ ಆ ಬದನೆಕಾಯಿ ಮೀನುಗಳಿಗೇ ಹೊಳೆಯುವ ಪುಡಿ ಹಚ್ಚಿ, ಇವನ್ನು ಯಾರೂ ಎಸೆಯಕೂಡದು ಎಂದು ಕಟ್ಟಪ್ಪಣೆ ಮಾಡಿದಳು.

ಅಲ್ಲೇ ನೃತ್ಯದ ಅಭ್ಯಾಸ. ಸಿ.ಡಿ. ಪ್ಲೇಯರಿನಲ್ಲಿ ನಿಧಾನದ ಹಾಡು ಹಾಕಿಕೊಂಡು ಇಬ್ಬರೂ ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ಅಕ್ಕಿ ಮೂಟೆಯ ಮೇಲೆ ಕೂತ ಅಜ್ಜಿ ತಾಳ ಹಾಕುತ್ತಿದ್ದಳು. ನಾಲ್ಕು ಜೋಡಿ ಸೇರಿ ಉದ್ದನೆಯ ಲಿಮೋಸಿನ್ ಕಾರು ಗೊತ್ತು ಮಾಡಿದರು. ನಿವೇದಿತಾಳ ಜೀವದ ಗೆಳತಿ, ಹೇವರ್ಡಿನ ಲತೀಫರ ಮಗಳು ಜೈನಬ್, ಇಡೀ ಬೇ ಏರಿಯಾ ಜಾಲಾಡಿ ತನಗೆ ಹಸಿರು ಗೌನು, ಇವಳಿಗೆ ನೇರಳೆ ಗೌನು ಹುಡುಕಿದಳು.

ಆ ಸಂಜೆ ಲಿಮೋಸಿನ್ ಬಂತು. ಹಾರ್ನ್ ಹೊಡೆಯಿತು. “ನೀವು ಹೋಗಿ, ಅವ್ನು ಬಂದ ತಕ್ಷಣ ಬರ್ತೀವಿ” ಎಂದು ನಿವೇದಿತಾ ಮೆಟ್ಟಿಲ ಮೇಲಿಂದಲೇ ಕೈ ಬೀಸಿದಳು. ಭಾನುವಾರ, ಶನಿವಾರ ಎನ್ನದೆ ಆಫೀಸಿಗೆ ಓಡುವ ದೇವೇಂದ್ರಪ್ಪ ಮನೆಗೆ ಬಂದಾಗ ಮಗಳು ಅಲ್ಲೇ ಇದ್ದಳು. ಶೂ ಬಿಚ್ಚಿ, ಅವಳ ಕೆಳಗಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತ.

ಆಮೇಲೆ ಊರಿನ ಬಾಯಿ ಬಿಚ್ಚಿಕೊಂಡಿತು. ಅನಿಕೇತನ ತಂದೆ ಅರವಿಂದನ ಕೆಲಸ ಹೋಗಿ ತಿಂಗಳುಗಳೇ ಆಗಿದ್ದವು. ಆ ವರ್ಷ ಡಾಟ್‌ಕಾಮ್ ಕಂಪನಿಗಳು ಒಂದರ ಮೇಲೊಂದು ಮಗುಚಿ ಬೀಳುತ್ತಿದ್ದವು. ಕೆಲಸ ಹೋದರೆ ವೀಸಾವೂ ಹೋಯಿತು. ಅರವಿಂದ ಯಾರಿಗೂ ಹೇಳದೆ, ದಿನಾ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಲೈಬ್ರರಿಯಲ್ಲಿ ಕೂತು ಬರುತ್ತಿದ್ದನಂತೆ. ಆಡಿಕೊಳ್ಳುವವರ ಮುಂದೆ ಎಡವಿ ಬೀಳಬಾರದು ಅನ್ನುವ ಹಟ. ಪ್ರಾಮಿನ ದಿನವೇ ಗಂಡ ಹೆಂಡತಿ ಮಗ ಹುಬ್ಬಳ್ಳಿಗೆ ಹೊರಟೇಹೋದರು ಅಂತ ಸುದ್ದಿ. ಹುಡುಗ ಎಲ್ಲ ಗೊತ್ತಿದ್ದೂ ಹುಡುಗಿಯನ್ನು ಕಾಯಿಸಿ ಮೋಸ ಮಾಡಿದ ಅಂತ ತೀರ್ಪು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಅಮೆರಿಕದಲ್ಲೇನು ಕೊರತೆಯೇ?

ಜಹೀದಾಳೂ ಅರೆಮನಸ್ಸಿನಿಂದ ಹಾಗೆಯೇ ನಂಬಿದ್ದಳು, ಮಾಲಿನ ಕೋಟಿನಂಗಡಿಗೆ ಹೋಗುವವರೆಗೆ.

ಪ್ರಾಮಿನ ಕರಿ ಸೂಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅದು. ಅನಿಕೇತ ಪ್ರಾಮಿನ ದಿನವೇ ಬಂದು ಸೂಟು ಒಯ್ದಿದ್ದ. ಹಿಂದಕ್ಕೆ ಕೊಟ್ಟಿರಲಿಲ್ಲ. ಮೋಸ ಮಾಡಿ ಓಡಿಹೋಗುವವನು, ಹೊರಡುವ ದಿನ, ಸೂಟು ಯಾಕೆ ಒಯ್ಯುತ್ತಾನೆ?

ಎರಡನೆಯದು ಮುನಿರಾಜು ಹೇಳಿದ್ದು. ಅವನು ಅದೇ ಅಪಾರ್ಟ್‌ಮೆಂಟಿನವನು, ಅರವಿಂದ ಮತ್ತು ಅವನ ಹೆಂಡತಿ ಮೈಥಿಲಿಯನ್ನು ತನ್ನ ವ್ಯಾನಿನಲ್ಲಿ ಏರ್‌ಪೋರ್ಟಿಗೆ ಬಿಟ್ಟು ಬಂದವನು.

“ಹುಡುಗ ಗಾಡೀಲಿ ಇರ್ಲಿಲ್ಲ ಮೇಡಂ. ಫ್ರೆಂಡ್ಸ್ ಕಾರಲ್ಲಿ ಸೀದಾ ಏರ್‌ಪೋರ್ಟಿಗೇ ಬರ್ತಾನೆ ಅಂದ್ರು. ನಾನು ಕಾಯ್ಲಿಲ್ಲ. ಬಿಸಿಲಿರುವಾಗ್ಲೇ ಫ್ಲೈಟು, ಫ್ರೀವೇ ಜಾಮ್ ಆಗೋ ಮೊದ್ಲು ವಾಪಸ್ ಬಂದ್ಬಿಟ್ಟೆ.”

ಮೂರನೆಯದು ಇವತ್ತು ಮಧ್ಯಾಹ್ನ ಸಿಕ್ಕಿತ್ತು. ಜೈನಬ್ ಪ್ರಾಮಿನ ಫೋಟೋಗಳ ಕವರನ್ನು ಜಹೀದಾಳ ಕೈಗಿತ್ತು, “ನಿವಿ ನೋಡೋಕೇ ಒಪ್ತಿಲ್ಲ ಆಂಟಿ, ನೀವೇ ಕೊಡಿ” ಎಂದು ಕಣ್ಣೊರೆಸಿಕೊಂಡು ಹೋಗಿದ್ದಳು. ಪಾರ್ಕಿಂಗಿನಲ್ಲಿ ಕಾರೊಳಗೆ ಕೂತು ಜಹೀದಾ ಒಂದೊಂದಾಗಿ ನೋಡಿದಳು. ಹಸಿರು ಗೌನಿನ ಜೈನಬ್, ಬಾಯ್ತುಂಬ ನಗು. ಕುಣಿದು ಕುಣಿದು ಚಪ್ಪಲಿ ಕೈಯಲ್ಲಿ ಹಿಡಿದ ಹುಡುಗಿಯರು. ಟೈ ತಲೆಗೆ ಕಟ್ಟಿಕೊಂಡ ಹುಡುಗರು. ನೀಲಿ ದೀಪ, ಚಾವಣಿಯಿಂದ ಇಳಿಬಿದ್ದ ಹೊಟ್ಟೆ ದಪ್ಪದ ಮೀನುಗಳು.

ಒಂದು ಫೋಟೋದಲ್ಲಿ, ನಗುವವರೆಲ್ಲರ ಹಿಂದೆ, ಕಂಬದ ಪಕ್ಕದ ಅರೆಗತ್ತಲಲ್ಲಿ ಒಬ್ಬ ನಿಂತಿದ್ದ. ಕರಿ ಸೂಟು. ಎದೆಯ ಮೇಲೆ ಎಲ್ಲ ಹುಡುಗರಿಗೂ ಹೂವಿದೆ, ಇವನಿಗಿಲ್ಲ. ಆ ಹೂವನ್ನು ಜೊತೆಗಾತಿಯೇ ಸಿಕ್ಕಿಸಬೇಕು. ಕ್ಯಾಮೆರಾದ ಕಡೆ ಅವನ ಗಮನವೇ ಇಲ್ಲ; ಬಾಗಿಲ ಕಡೆ ನೋಡುತ್ತಿದ್ದಾನೆ.

ಅನಿಕೇತ.

ಫೋಟೋ ಬ್ಯಾಗಿನಲ್ಲಿಟ್ಟುಕೊಂಡೇ ಅವಳು ಈ ಮನೆಗೆ ಬಂದದ್ದು. ನಿವೇದಿತಾ ಮೇಲೆ ಕೋಣೆಯಲ್ಲಿದ್ದಳು. ತೋರಿಸಲು ಧೈರ್ಯ ಬಂದಿರಲಿಲ್ಲ. ಪ್ರಾಮಿನ ಹಾಲ್‌ವರೆಗೆ ಬಂದವನು ಮನೆಗೆ ಯಾಕೆ ಬರಲಿಲ್ಲ ಅಂತ ಹುಡುಗಿ ಕೇಳಿದರೆ ಏನು ಹೇಳುವುದು?

ಈಗ ಆ ಪ್ರಶ್ನೆಯೇ ತಿರುಗಿ ನಿಂತಿತು. ಮನೆಗೆ ಬಂದಿದ್ದ. ಬಂದಾಗ ಬಾಗಿಲು ತೆಗೆದವರು ಯಾರು? ದೇವೇಂದ್ರಪ್ಪ ಆಫೀಸಿನಲ್ಲಿದ್ದ. ಮೆಟ್ಟಿಲ ಮೇಲೆ ಕೂರುವ ಮೊದಲು ನಿವೇದಿತಾ ಜೈನಬ್ ಜೊತೆ ತಲೆ ಬಾಚಿಸಿಕೊಳ್ಳಲು ಪಾರ್ಲರಿಗೆ ಹೋಗಿದ್ದಳು.

ಉಳಿದದ್ದು ಒಂದೇ ಜೀವ. ಜಹೀದಾಳಿಗೆ ಆ ಹೆಸರು ಮನಸ್ಸಿನಲ್ಲಿ ಹೇಳಿಕೊಳ್ಳಲೂ ಬೇಡವೆನಿಸಿತು. ಆದರೂ ಎದ್ದು ಒಳಗೆ ನಡೆದಳು.

*

ಬಂಗಾರೆವ್ವನ ಅಡುಗೆಮನೆಯಲ್ಲಿ ಹೊಗೆ ಪತ್ತೆ ಮಾಡುವ ಯಂತ್ರಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿತ್ತು. ಇಲ್ಲದಿದ್ದರೆ ಒಂದೊಂದು ರೊಟ್ಟಿಗೂ ಅದು ಕಿರುಚಿ ಬೀದಿ ಸೇರಿಸುತ್ತದೆ. ಅಜ್ಜಿ ಜೋಳದ ಹಿಟ್ಟಿನ ಮುದ್ದೆ ತಟ್ಟುತ್ತ, ತಲೆಯೆತ್ತದೆ, “ಎಲಿ ಹರಿಯಾಕ ಗದಗಿಗೆ ಹೋಗಿದ್ದೇನ?” ಅಂದಳು.

“ಎಲೆ ಬಿಟ್ಟು ಬಂದೆ ಅಜ್ಜಿ. ಇದು ಸಿಕ್ತು.”

ಜಹೀದಾ ಮಣ್ಣು ಮೆತ್ತಿದ ಪಟ್ಟಿಯನ್ನು ಹಿಟ್ಟಿನ ಪಕ್ಕ ಇಟ್ಟಳು.

ತಟ್ಟುವ ಕೈ ನಿಂತಿತು. ತವೆಯ ಮೇಲಿದ್ದ ರೊಟ್ಟಿಯ ಅಂಚು ಕರಿದಾಗತೊಡಗಿತು. ಜಹೀದಾಳೇ ಒಲೆ ಆರಿಸಿದಳು.

“ಅಜ್ಜಿ, ನಾನು ದಿನಾ ಸುಳ್ಳು ಹೇಳೋರ ಮುಂದೆ ಕೂತ್ಕೊಳ್ಳೋಳು. ನಿಮ್ಮನ್ನ ಹಾಗೆ ಕೂರಿಸ್ಕೊಂಡು ಕೇಳೋಕೆ ನಂಗೆ ಇಷ್ಟ ಇಲ್ಲ. ನೀವೇ ಹೇಳಿ.”

“ಏನ್ ಹೇಳ್ಲಿ?”

“ಇದನ್ನ ಕುಂಡದಲ್ಲಿ ಹೂತಿದ್ದು ಯಾರು?”

ಬಂಗಾರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಕೆನ್ನೆಗೆ ಹಿಟ್ಟು ಮೆತ್ತಿತು.

“ಹೂವನ್ನ ಕಸದ ಡಬ್ಬಿಗೆ ಹಾಕಾಕ ಬರ್ತೈತೇನವ್ವಾ? ಹೆಣ್ಣ ಹುಡುಗಿ ಸಲುವಾಗಿ ತಂದ ಹೂವು. ಈ ಊರಾಗ ಒಂದು ಬಾವಿ ಇಲ್ಲ, ಹಳ್ಳಾ ಇಲ್ಲ. ಫ್ರಿಜ್ಜಿನ್ಯಾಗ ಬಚ್ಚಿಟ್ಟೆ. ಬಾಡಿ ಹೋತು. ಗಿಡದ ಬುಡಕ್ಕರ ಹೋಗ್ಲಿ ಅಂತ...”

ವಿಮಾ ಕಂಪನಿಗೆ ಮೋಸ ಮಾಡುವ ದೊಡ್ಡ ದೊಡ್ಡ ಕಳ್ಳರು ಸಾಕ್ಷಿಯನ್ನು ಸುಡುತ್ತಾರೆ, ಕೊಲ್ಲಿಗೆ ಎಸೆಯುತ್ತಾರೆ. ಈ ಮುದುಕಿ ಮಾತ್ರ ಕಸದ ದಿನ ಗಾಡಿ ಬಂದು ಮನೆ ಮುಂದೆ ನಿಂತರೂ, ಹೂವಿಗೆ ಅಪಚಾರ ಆಗಬಾರದೆಂದು ಗಿಡದ ಬುಡ ಹುಡುಕಿದ್ದಳು. ಜಹೀದಾಳಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

“ಬಂದಿದ್ನಾ ಹಾಗಾದ್ರೆ?”

“ಬಂದಿದ್ದ.” ಅಜ್ಜಿ ಅಲ್ಲೇ ಸ್ಟೂಲಿನ ಮೇಲೆ ಕೂತಳು. “ಕರೀ ಸೂಟು ಹಾಕ್ಕೊಂಡು ಮದುಮಗನ್ಹಂಗ ಬಂದು ಬಾಗಲ್ದಾಗ ನಿಂತಿದ್ದ. ನನ್ನ ದೃಷ್ಟೀನ ತಾಕೀತು ಅನ್ಸ್ತು ನೋಡವ್ವಾ. ಒಳಗ ಬಾ ಅಂದೆ. ಬಂದು ಇಲ್ಲೇ ಕುಂತ. ನೀರು ಕೇಳ್ದ. ಆಮ್ಯಾಲೆ ಹೇಳಿದ, ಅಪ್ಪನ ಕೆಲಸ ಹೋಗೇತಂತ, ಅಪ್ಪ ಅವ್ವ ಇವತ್ತ ಊರಿಗೆ ಹೊಂಟಾರಂತ.”

“ಅವನು?”

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“ಅವನೇನು ಕೇಳ್ದ ಅಜ್ಜಿ? ಬರೀ ಹೂವು ಕೊಡೋಕೆ ಅಷ್ಟು ಮುಂಚೆ ಬಂದಿರಲ್ಲ.”

“ಇಲ್ಲಿ ಇರ್ಲೇನು ಅಂತ ಕೇಳ್ದ.” ಅಜ್ಜಿ ಗ್ಯಾರೇಜಿನ ಕಡೆ ಕೈ ತೋರಿಸಿದಳು. “ಸಾಲಿ ಮುಗಿಯೂತನಕ. ಗ್ಯಾರೇಜಿನ್ಯಾಗ ಮಲಗ್ತೀನಿ ಅಜ್ಜಿ, ಯಾರಿಗೂ ತ್ರಾಸ ಕೊಡೂದಿಲ್ಲ ಅಂದ. ಅಪ್ಪಗ ದೇವೇಂದ್ರಪ್ಪ ಅಂಕಲ್ ಮುಂದ ನಿಂತು ಕೇಳಾಕ ನಾಚಿಕಿ ಆಗ್ತೈತಿ, ಅದಕ್ಕ ನಾನ ಬಂದೆ ಅಂದ.”

“ನೀವೇನಂದ್ರಿ?”

“ಬ್ಯಾಡಪ್ಪಾ ಅಂದೆ.”

ಮೇಲಿನ ಕೋಣೆಯಲ್ಲಿ ನಿವೇದಿತಾ ಓಡಾಡುವ ಸದ್ದು ಕೇಳಿತು. ಇಬ್ಬರೂ ದನಿ ತಗ್ಗಿಸಿದರು.

“ಬೆಳದ ಹುಡುಗಿ ಇರೂ ಮನಿ ಯವ್ವಾ ಇದು. ತಾಯಿಲ್ಲದ ಹುಡುಗಿ. ಮಂದಿ ಏನಂದಾರು? ಹಡದವ್ರನ್ನ ಬಿಟ್ಟು ಇಲ್ಯಾಕಿರ್ತಿ, ಅವರ ಕೂಡ ಹೋಗು ಅಂದೆ. ಅಷ್ಟಕ್ಕ ಬಿಡ್ಲಿಲ್ಲ ನನ್ನ ಹಾಳ ಬಾಯಿ. ಹೋಗಾಂವ ಇದ್ರ ಇವತ್ತ ಆಕಿ ಕೈ ಹಿಡದು ಕುಣೀಬ್ಯಾಡ ಅಂದೆ. ಕುಣದು, ಫೋಟೋ ತಗಸ್ಕೊಂಡು, ಆಮ್ಯಾಲೆ ನೀ ವಿಮಾನ ಹತ್ತಿದ್ರ ಆಕಿ ವರ್ಷಗಟ್ಲೆ ಅಳ್ತಾಳ. ಇವತ್ತ ಒಂದಿನ ಅತ್ತು ಮುಗಿಸ್ಲಿ ಅಂದೆ.”

“ಯಾ ಅಲ್ಲಾ!” ಜಹೀದಾ ಕಟ್ಟೆಗೆ ಒರಗಿದಳು. “ಅತ್ತು ಮುಗಿಸಿದ್ಲಾ ಅಜ್ಜಿ? ನೋಡ್ತಾ ಇದೀರಲ್ಲ!”

“ಎದ್ಯಾಗ ಚೂರಿ ಹಾಕಬ್ಯಾಡ.”

“ಅವನೇನಂದ?”

“ಏನೂ ಅನ್ಲಿಲ್ಲ. ಎದುರು ಮಾತಾಡೂ ಹುಡುಗ ಅಲ್ಲ ಅಂವ. ಹೂವಿನ ಡಬ್ಬಿ ನನ್ನ ಕೈಯಾಗ ಕೊಟ್ಟ. ಇದರ ಕೊಡ್ರಿ ಆಕಿಗೆ, ನಾ ಬಂದಿದ್ದೆ ಅಂತ ಹೇಳ್ರಿ ಅಂದ. ಕಾಲು ಮುಟ್ಟಿ ಹೋದ.”

“ಅದನ್ನೂ ಕೊಡ್ಲಿಲ್ಲ.”

“ಕೊಟ್ರ ಕೇಳ್ತಾಳಲ್ಲ, ಎಲ್ಲದಾನ, ಯಾಕ ಹೋದ ಅಂತ.”

ಜಹೀದಾಳಿಗೆ ಇನ್ನು ತಡೆಯಲಾಗಲಿಲ್ಲ. “ಆ ಮಗು ಮೆಟ್ಲ ಮೇಲೆ ಕೂತಿತ್ತು ಅಜ್ಜಿ! ಹೊಸಾ ಬಟ್ಟೆ ಹಾಕ್ಕೊಂಡು, ತಲೇಲಿ ಮುತ್ತು ಮುಡ್ಕೊಂಡು, ಒಂದೊಂದು ಕಾರಿನ ಸದ್ದಿಗೂ ಎದ್ದು ಎದ್ದು ನೋಡ್ತಿತ್ತು. ನೀವು ಇಲ್ಲೇ ಇದ್ರಿ!”

“ಇದ್ನೆವ್ವಾ. ಗ್ವಾಡಿ ಈ ಕಡೆ ನಾ, ಆ ಕಡೆ ಆಕಿ.” ಕಣ್ಣೀರು ಹಿಟ್ಟಿನ ಕೆನ್ನೆಯ ಮೇಲೆ ಇಳಿಯಿತು, ಬಂಗಾರೆವ್ವ ಒರೆಸಲಿಲ್ಲ. “ಹೇಳಬೇಕಂತ ಎಷ್ಟ ಸರ್ತಿ ಬಾಗಲತನಕ ಹೋದೆ. ಗೆಳತ್ಯಾರು ಕರದ್ರ ಹೋಗ್ತಾಳ, ನಾಕ ಮಂದ್ಯಾಗ ಮರೀತಾಳ ಅಂದ್ಕೊಂಡಿದ್ದೆ. ಆಕಿ ಅಲ್ಲಿಂದ ಏಳ್ಲೇ ಇಲ್ಲ. ಒಮ್ಮೆ ನುಂಗಿದ ಮಾತು ಆಮ್ಯಾಲೆ ಹೊರಗ ಬರೂದಿಲ್ಲ ಜಹೀದವ್ವಾ. ಮರುದಿನ ಹೇಳ್ತೀನಿ ಅಂದ್ಕೊಂಡೆ. ಮರುದಿನಾ ಆತು, ಮುಂದಿನ ವಾರಾ ಆತು. ಈಗ ಆಕಿ ಮುಖ ನೋಡಾಕೂ ಆಗೂದಿಲ್ಲ ನನಗ.”

ಬೈಯಬೇಕೆಂದು ಬಾಯಿ ತೆರೆದಿದ್ದ ಜಹೀದಾ ಮುಚ್ಚಿಕೊಂಡಳು. ಮುದುಕಿಯ ಭುಜ ಹಿಡಿದು ನಿಂತಳು. ತಾಯಿಲ್ಲದ ಹುಡುಗಿಯನ್ನು ಸಾಕುವವರ ಭಯ ಅವಳಿಗೂ ಗೊತ್ತಿಲ್ಲದ್ದೇನಲ್ಲ. ನಿವೇದಿತಾ ಗೌನು ತೋರಿಸಲು ಬಂದಾಗ, ಬೆನ್ನು ಇಷ್ಟು ಕಾಣಬೇಕಾ ಎಂದು ತಾನೂ ಪಿನ್ನು ಹಾಕಿಕೊಟ್ಟವಳೇ.

ಆದರೂ ಕೇಸು ಮುಗಿದಿತ್ತು. ಹುಡುಗ ಬಂದಿದ್ದ. ಮೋಸ ಮಾಡಿರಲಿಲ್ಲ. ಮೇಲೆ ಹೋಗಿ ಇಷ್ಟನ್ನು ಹೇಳಿದರೆ ನಿವೇದಿತಾ ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು.

“ಹೇಳಿಬಿಡು ಆಕಿಗೆ,” ಅಂದಳು ಅಜ್ಜಿ. “ನನ್ನ ಬೈದ್ರ ಬೈಲಿ. ಅಂವ ಹುಬ್ಬಳ್ಳ್ಯಾಗ ಹಡದವ್ರ ಕೂಡ ಸುಖದಿಂದದಾನ ಅಂತ ಹೇಳು. ಫೋನ್ ಹಚ್ಚಿ ಕೊಡು, ಮಾತಾಡ್ಲಿ.”

ಹುಬ್ಬಳ್ಳಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಜಹೀದಾಳಿಗೆ ಮುನಿರಾಜು ಹೇಳಿದ ವಿಮಾನದ ಹೊತ್ತು ನೆನಪಾಯಿತು. ಅವಳು ಬ್ಯಾಗು ತೆರೆದು ಫೋಟೋ ತೆಗೆದಳು. ಅಜ್ಜಿಯ ಕನ್ನಡಕ ತಂದು ಕೊಟ್ಟಳು.

“ಈ ಕಂಬದ ಹತ್ರ ನೋಡಿ ಅಜ್ಜಿ.”

“ಅಯ್ಯ, ಅನಿಕೇತ. ಅದ ಸೂಟು.” ಅಜ್ಜಿ ಬೆರಳಿನಿಂದ ಅವನ ಮುಖ ಮುಟ್ಟಿದಳು. “ಇದೆಲ್ಲಿ?”

“ಪ್ರಾಮ್ ನಡೆದ ಹಾಲ್. ನೀವು ಬೇಡ ಅಂದ್ರೂ ಅಲ್ಲಿಗೆ ಹೋಗಿದಾನೆ. ಇವಳು ಗೆಳತಿಯರ ಜೊತೆ ಬಂದೇ ಬರ್ತಾಳೆ, ದೂರದಿಂದ ಒಂದ್ಸಲ ನೋಡೋಣ ಅಂತಿರಬೇಕು. ಬಾಗಿಲನ್ನೇ ನೋಡ್ತಿದಾನೆ.”

“ಶಿವಶಿವಾ! ಇಕಿ ಇಲ್ಲಿ ಕಾಯ್ಕೊಂತ ಕುಂತಿದ್ಲು, ಅಂವ ಅಲ್ಲಿ?”

“ಹೌದು. ಆದ್ರೆ ಅಜ್ಜಿ, ಈಗ ಸರಿಯಾಗಿ ಕೇಳಿ. ಅವನ ಅಪ್ಪ ಅಮ್ಮನ ವಿಮಾನ ಬಿಸಿಲಿರುವಾಗ್ಲೇ ಹೋಯ್ತು. ಮುನಿರಾಜೇ ಬಿಟ್ಟು ಬಂದಿದ್ದು. ಈ ಕುಣಿತ ಶುರುವಾಗಿದ್ದು ಕತ್ತಲಾದ್ಮೇಲೆ.”

ಬಂಗಾರೆವ್ವ ಫೋಟೋ ನೋಡಿದಳು, ಜಹೀದಾಳ ಮುಖ ನೋಡಿದಳು.

“ಹಂಗಾರ ಅಂವ ವಿಮಾನ ಹತ್ಲಿಲ್ಲೇನು?”

“ಹತ್ತಿಲ್ಲ.”

“ಅವರವ್ವ ಅಪ್ಪ ಮಗನ್ನ ಬಿಟ್ಟು ಹ್ಯಾಂಗ ಹೋದ್ರು?”

ಅದನ್ನೇ ಜಹೀದಾ ಯೋಚಿಸುತ್ತಿದ್ದಳು. ಕೆಲಸ ಹೋದ ಮನುಷ್ಯ, ಹೆಂಡತಿಯನ್ನು ಕರೆದುಕೊಂಡು ವಿಮಾನದಲ್ಲಿ ಕೂರಬೇಕಾದರೆ, ಮಗ ಎಲ್ಲೋ ಒಂದು ಕಡೆ ನೆಮ್ಮದಿಯಾಗಿದ್ದಾನೆ ಅನ್ನುವ ಧೈರ್ಯ ಇರಬೇಕು. ಆ ಧೈರ್ಯ ಅವರಿಗೆ ಕೊಟ್ಟವರು ಯಾರು?

ಶಾಲೆಗೆ ಅವನು ಹೋಗಿಲ್ಲ. ಗೆಳೆಯರು ಯಾರೂ ನೋಡಿಲ್ಲ. ಇಂಡಿಯಾಕ್ಕೆ ಹೋದ ಅಂತ ಎಲ್ಲರೂ ಸುಮ್ಮನಿದ್ದಾರೆ. ಯಾರೂ ಹುಡುಕಲೇ ಇಲ್ಲ. ಎರಡು ವಾರ.

“ಎಲ್ಲದಾನ ಹಂಗಾರ?” ಅಜ್ಜಿ ಅವಳ ಕೈ ಹಿಡಿದು ಜಗ್ಗಿದಳು. “ಜಹೀದವ್ವಾ, ಹುಡುಗ ಎಲ್ಲದಾನ?”

ಆಗ ಫೋನ್ ರಿಂಗಾಯಿತು. ಮೇಲೆ ನಿವೇದಿತಾ ಎತ್ತಿದಳು. ಹಲೋ ಅಂದದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಬರಿಗಾಲಿನಲ್ಲಿ ಮೆಟ್ಟಿಲಿಳಿದು ಬರುವ ಸದ್ದು. ಕಾರ್ಡ್‌ಲೆಸ್ ಫೋನನ್ನು ಎದೆಗೆ ಒತ್ತಿಕೊಂಡು ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಆಂಟಿ, ಅನಿಕೇತ್ಸ್ ಮಾಮ್. ಫ್ರಮ್ ಹುಬ್ಬಳ್ಳಿ.”

“ಏನಂತೆ?”

“ಅವ್ನಿಗೆ ಫೋನ್ ಕೊಡು ಅಂತಿದಾರೆ.” ನಿವೇದಿತಾ ಫೋನನ್ನು ಎದೆಯಿಂದ ತೆಗೆದಳು. “ವೈ ವುಡ್ ಶಿ ಥಿಂಕ್ ಹಿ ಈಸ್ ಹಿಯರ್?”

ಜಹೀದಾ ಫೋನಿಗೆ ಕೈಚಾಚುವಷ್ಟರಲ್ಲಿ ಹುಡುಗಿ ಸ್ಪೀಕರಿನ ಗುಂಡಿ ಒತ್ತಿಬಿಟ್ಟಿದ್ದಳು. ಮೈಥಿಲಿಯ ದನಿ ಅಡುಗೆಮನೆಯ ತುಂಬ ಹರಡಿತು.

“ನಿವೇದಿತಾ, ಇದ್ದೀಯೇನವಾ? ಅಂವ ಬೈತಾನ ಅಂತ ಗೊತ್ತದ. ಅಂಕಲ್ ಮನೀಗೆ ಫೋನ್ ಮಾಡಬ್ಯಾಡ, ಅವರಿಗೆ ತೊಂದ್ರಿ, ನಾನ ಮಾಡ್ತೀನಿ ಅಂತ ಹೇಳ್ಯಾನ. ಫೋನ್ ಕಾರ್ಡ್ ಹಾಕಿ ಮಾಡ್ತಾನೂ ಇದ್ದ. ಈಗ ನಾಕೈದು ದಿನದಿಂದ ಇಲ್ಲ. ಆರಾಮ ಇದ್ದಾನಿಲ್ಲೋ?”

ನಿವೇದಿತಾಳ ಕಣ್ಣು ಕಟ್ಟೆಯ ಮೇಲೆ ನಿಂತಿತ್ತು. ಹಿಟ್ಟಿನ ಪಕ್ಕ ಮಣ್ಣು ಮೆತ್ತಿದ ಪಟ್ಟಿ, ಮುತ್ತು, ನೇರಳೆ ರಿಬ್ಬನ್ನು. ಅದರ ಪಕ್ಕ ಫೋಟೋ. ಅವಳು ಪಟ್ಟಿಯನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು.

“ಬಂದಿದ್ನಾ?” ಅಂದಳು, ಉಸಿರಿನಲ್ಲೇ. “ಆಂಟಿ? ಹಿ ಕೇಮ್?”

ಜಹೀದಾ ಹೌದೆಂದು ತಲೆಯಾಡಿಸಿದಳು. ಈ ಉತ್ತರ ಕೊಡುವ ದಿನಕ್ಕಾಗಿ ಅವಳು ಎರಡು ವಾರ ಅಲೆದಿದ್ದಳು. ಕೊಡುವಾಗ ಇಷ್ಟು ಸಂಕಟವಾಗುತ್ತದೆ ಎಂದು ಅಂದುಕೊಂಡಿರಲಿಲ್ಲ.

ನಿವೇದಿತಾ ಅಜ್ಜಿಯ ಕಡೆ ತಿರುಗಿದಳು. ಬಂಗಾರೆವ್ವ ತಲೆ ತಗ್ಗಿಸಿದಳು. ಹುಡುಗಿಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ.

“ಹಲೋ? ಅಜ್ಜಿ ಅದಾರೇನು?” ಫೋನಿನಲ್ಲಿ ಮೈಥಿಲಿ ಮಾತಾಡುತ್ತಲೇ ಇದ್ದಳು. “ಅವರಿಗರ ಕೊಡು. ನಾ ಅವರ ಕಾಲಿಗೆ ಬೀಳಬೇಕು. ಆ ದಿನ ಏರ್‌ಪೋರ್ಟಿಗೆ ಫೋನ್ ಮಾಡಿ ಹೇಳಿದ, ಅಜ್ಜಿ ಹ್ಞೂಂ ಅಂದ್ರು ಅವ್ವಾ, ನೀ ಧೈರ್ಯದಿಂದ ಹೋಗು ಅಂತ. ಇಲ್ಲಾಂದ್ರ ನಾ ವಿಮಾನ ಹತ್ತತಿದ್ನೇನು? ಮಂದಿ ಮಗನ್ನ ಮನ್ಯಾಗ ಇಟ್ಕೊಂಡು ರೊಟ್ಟಿ ಬಡದು ಹಾಕ್ಲಿಕ್ಕತ್ತಾರ. ಹೋದ ವಾರ ಹೇಳ್ತಿದ್ದ, ಅಜ್ಜಿ ನನ್ನ ಮ್ಯಾಲೆ ಭಾಳ ಜೀವ ಇಟ್ಟಾರ ಅಂತ.”

ಬಂಗಾರೆವ್ವ ಎದ್ದಳು. ಕಟ್ಟೆ ಹಿಡಿದು ಬಂದಳು. ಜಹೀದಾ ಬೇಡವೆಂದು ಕಣ್ಣಿನಲ್ಲೇ ಹೇಳಿದಳು. ನಿಜ ಹೇಳುವುದಾದರೆ ತಾನು ಹೇಳುತ್ತೇನೆ, ಮೊದಲು ಅರವಿಂದನನ್ನು ಕರೆಸಿ ಹೇಳಬೇಕು, ಹೀಗಲ್ಲ. ಮುದುಕಿ ಕೇಳಲಿಲ್ಲ. ಹಿಟ್ಟಿನ ಕೈಯಿಂದಲೇ ಮೊಮ್ಮಗಳ ಕೈಯಿಂದ ಫೋನ್ ತೆಗೆದುಕೊಂಡಳು.

“ಅಜ್ಜೀ, ನೀವೇನ್ರೀ? ಒಂದ ಮಾತು, ಅಂವಗ ಕೊಡ್ರಿ. ಭಾಳ ಹೊತ್ತು ಮಾತಾಡೂದಿಲ್ಲ. ಅವನ ದನಿ ಕೇಳಿದ್ರ ಸಾಕು.”

ಎರಡು ವಾರದಿಂದ ಒಂದು ಮಾತನ್ನು ನುಂಗಿಕೊಂಡು ಬದುಕಿದವಳಿಗೆ ಈಗ ಇನ್ನೊಂದು ಮಾತು ಬೇಕಿತ್ತು. ಒಬ್ಬ ತಾಯಿಗೆ ಹೇಳುವ ಮಾತು.

“ಉಣ್ಣಾಕ ಕುಂತಾನವ್ವಾ,” ಅಂದಳು.

ಆ ಕಡೆ ಮೈಥಿಲಿ ನಿಟ್ಟುಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು.

“ಹಂಗಾರ ಎಬ್ಬಿಸಬ್ಯಾಡ್ರಿ, ಹೊಟ್ಟಿ ತುಂಬ ಉಣ್ಲಿ. ನಾ ಫೋನ್ ಇಡೂದಿಲ್ಲ, ಕಾಯ್ತೀನಿ.”